ನಾನು ಸತ್ತ ಸುದ್ದಿ ರಾಮದುರ್ಗಕ್ಕೆ ಹೋದ ದಿನ

ಮೊದಲು ಕೈಕೊಟ್ಟದ್ದು ಬಲಗಾಲು. ರಾಮದುರ್ಗದ ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದೆ. ಕೆಳಗಿನ ಹಲಗೆ ತುಳಿದೆ. ಇಳಿಯಲಿಲ್ಲ. ಸಿಕ್ಕಿಕೊಂಡಿರಬೇಕೆಂದು ಹಲಗೆಯನ್ನು ಬೈಯುತ್ತ ಬಗ್ಗಿ ನೋಡಿದರೆ, ನನ್ನ ಕಾಲೇ ಅದರ ಮೇಲೆ ಇರಲಿಲ್ಲ. ಪಕ್ಕಕ್ಕೆ ಜಾರಿ ಬಿದ್ದಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ಮರುದಿನ ಎಡಗಾಲೂ ಅದೇ ಹಾದಿ ಹಿಡಿಯಿತು. ಆಮೇಲೆ ಕೈಗಳು. ಹೆಂಡತಿ ಶಾಂತವ್ವ ಗಂಜಿ ಕುಡಿಸಿದರೆ ಮೂಗಿನಿಂದ ಹೊರಬಂತು. ಊರಿನ ಡಾಕ್ಟರು ಕೈಚೆಲ್ಲಿದರು. ಅವ್ವ, ಅಣ್ಣ ಇಬ್ಬರೂ ನನ್ನನ್ನು ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ದೂರದ ದೊಡ್ಡ ದವಾಖಾನೆಗೆ ಒಯ್ದರು. ಶಾಂತವ್ವನ ಮಡಿಲಲ್ಲಿ ಎಳೆಗೂಸು. ಅವಳು ಮನೆಯಲ್ಲೇ ಉಳಿದಳು.

ನರಗಳ ರೋಗ ಎಂದರು ಅಲ್ಲಿಯ ಡಾಕ್ಟರು. ಕಾಲಿನಿಂದ ಮೇಲೇರಿ ಎದೆಗೆ ಬಂದಿದೆ, ಉಸಿರೆಳೆಯುವ ಸ್ನಾಯುಗಳು ನಿಂತಿವೆ, ರೋಗ ತಾನಾಗಿ ಇಳಿಯುವವರೆಗೂ ಮಷೀನೇ ಉಸಿರಾಡಿಸಬೇಕು. ಗಂಟಲಿಗೆ ತೂತು ಮಾಡಿ ನಳಿಕೆ ಇಟ್ಟರು.

ರೆಸ್ಪಿರೇಟರ್ ಅಂದರೇನೆಂದು ಅದಕ್ಕೆ ಸಿಕ್ಕಿಕೊಂಡವನೇ ಬಲ್ಲ. ಅದು ನಿಮ್ಮನ್ನು ಕೇಳುವುದಿಲ್ಲ. ತನ್ನ ಹೊತ್ತಿಗೆ ಗಾಳಿ ನೂಕುತ್ತದೆ, ಎದೆ ಏಳುತ್ತದೆ. ನೂಕುವುದು ನಿಲ್ಲಿಸುತ್ತದೆ, ಎದೆ ಇಳಿಯುತ್ತದೆ. ನಳಿಕೆಯಲ್ಲಿ ಕಫ ಕಟ್ಟಿದರೆ ನರ್ಸಬಾಯಿ ಬಂದು ಸಕ್ಷನ್ ಪೈಪಿನಿಂದ ಹೀರಿ ತೆಗೆಯುವವರೆಗೆ ನೀರಿನಲ್ಲಿ ಮುಳುಗಿದವನ ಹಾಗೆ ಒಳಗೊಳಗೇ ಒದ್ದಾಡಬೇಕು. ಕೂಗಲು ದನಿಯಿಲ್ಲ. ರೆಪ್ಪೆ ಮುಚ್ಚುವ ಶಕ್ತಿಯೂ ಹೋಗಿದ್ದರಿಂದ, ಕಣ್ಣು ಒಣಗಬಾರದೆಂದು ಒದ್ದೆ ಅರಳೆ ಇಟ್ಟು ಪಟ್ಟಿ ಅಂಟಿಸಿದ್ದರು.

ಕಿವಿ ಮಾತ್ರ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಅವ್ವ, ಅಣ್ಣ ಇಬ್ಬರನ್ನೂ ಒಳಗೆ ಬಿಟ್ಟರು. ಹೊದಿಕೆ ಸರಿಮಾಡುತ್ತಿದ್ದ ಅವ್ವನ ಕೈ ನನ್ನ ಸೊಂಟದ ಹತ್ತಿರ ನಿಂತಿತು. ಮೂತ್ರದ ನಳಿಕೆ ಹಾಕುವಾಗ ಅಡ್ಡ ಬಂತೆಂದು ನರ್ಸಬಾಯಿ ನನ್ನ ಉಡದಾರ ಕತ್ತರಿಸಿ ಒಗೆದಿದ್ದಳು. ನಮ್ಮಲ್ಲಿ ಗಂಡಸಿನ ನಡು ಒಂದು ಗಳಿಗೆಯೂ ಬರಿದಾಗಿರಬಾರದು. ಹೊಸ ಉಡದಾರ ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಬಿಚ್ಚುತ್ತೇವೆ. ಹರಿದು ತೆಗೆಯುವುದು ಹೆಣದ ಮೈಯಿಂದ.

“ಉಡದಾರ ಹರದಾರ,” ಎಂದಳು ಅವ್ವ. “ನನ್ನ ಮಗಾ ಹೋಗ್ಯಾನ. ಹೆಣಕ್ಕ ಗಾಳಿ ತುಂಬಿ ಮಲಗಿಸ್ಯಾರ.”

ಕೇರಳದ ಆ ನರ್ಸಬಾಯಿ ತನಗೆ ಬಂದಷ್ಟು ಕನ್ನಡದಲ್ಲಿ ಕಾರಣ ಹೇಳಿದಳು. ಯಾರು ಕೇಳಬೇಕು? ದವಾಖಾನೆಯವರು ಹೆಣ ಕೊಯ್ಯುವ ಮೊದಲು ಮನೆಗೆ ಒಯ್ಯಬೇಕೆಂದು ಅಣ್ಣ ಅವಸರ ಮಾಡಿದ. ನಾನು ಮುಂದೆ ಹೋಗಿ ಮಣ್ಣಿನ ತಯಾರಿ ನೋಡುತ್ತೇನೆ, ನೀನು ಡಾಕ್ಟರಿಗೆ ಹೇಳಿ ಮಷೀನು ಬಿಡಿಸು ಎಂದು ಅವ್ವನಿಗೆ ಹೇಳಿ ಹೊರಟೇಬಿಟ್ಟ. ಅವನ ಚಪ್ಪಲಿಯ ಸದ್ದು ದೂರವಾಯಿತು. ಅಣ್ಣಾ, ನಾನು ಇದ್ದೇನೆ ಎಂದು ಒಳಗೇ ಚೀರಿದೆ. ಮಷೀನು ತನ್ನ ಪಾಡಿಗೆ ಗಾಳಿ ನೂಕುತ್ತಿತ್ತು.

ಡಾಕ್ಟರು ಬಂದರು. ಮಗನನ್ನು ಕೊಟ್ಟುಬಿಡಿ ಎಂದು ಅವ್ವ ಕಾಲು ಹಿಡಿದಳು. ಅಷ್ಟು ಭಯವನ್ನು ನಾನು ಈ ಜನ್ಮದಲ್ಲಿ ಇನ್ನೊಮ್ಮೆ ಪಡಲಾರೆ. ಅವರು ಅವಳನ್ನು ಎಬ್ಬಿಸಿ, ಅವಳ ಬೆರಳುಗಳನ್ನು ನನ್ನ ಕುತ್ತಿಗೆಯ ಮೇಲೆ ಇಡಿಸಿದರು.

“ಮಷೀನು ಉಸಿರು ಹಾಕತೈತ್ರಿ ಅವ್ವಾರ, ಖರೆ ಐತಿ. ಆದ್ರ ನಿಮ್ಮ ಬಟ್ಟಿನ ಕೆಳಗ ಬಡ್ಯಾಕತ್ತೈತಲ್ಲ, ಅದನ್ನ ಮಷೀನು ಮಾಡೂದಿಲ್ಲ. ಅದು ನಿಮ್ಮ ಮಗನ ಗುಂಡಗಿ.”

ಅವ್ವ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಮಷೀನಿನದು ನಿಧಾನ, ಕುತ್ತಿಗೆಯದು ಅವಸರ. ಎರಡೂ ಬೇರೆ ಎಂದು ಅವಳಿಗೆ ತಿಳಿಯಿತು. ಗುಂಡಿಗೆಯ ಕೆಲಸವನ್ನೂ ಮಾಡುವ ಮಷೀನು ಇನ್ನೊಂದಿದೆ, ದೊಡ್ಡ ಶಹರಗಳಲ್ಲಿ ಎದೆ ಕೊಯ್ಯುವಾಗ ರಕ್ತವನ್ನೇ ಹೊರಗೆ ತೆಗೆದು ಗಾಳಿ ಕೂಡಿಸಿ ಒಳಗೆ ಕಳಿಸುತ್ತದೆ, ಇವನಿಗೆ ಅದು ಬೇಕಾಗಿಲ್ಲ ಎಂದೂ ಡಾಕ್ಟರು ಹೇಳಿದರು. ಅವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಅಣ್ಣನನ್ನು ತಡೆಯಿರಿ ಎಂದು ಬಾಗಿಲಿಗೆ ಓಡಿದಳು.

ಅಷ್ಟರಲ್ಲಿ ರಾಮದುರ್ಗದ ಹಾದಿ ಹಿಡಿದ ಅಣ್ಣನ ಬಸ್ಸು ಸವದತ್ತಿ ದಾಟಿತ್ತು.

ನಾನು ಇದ್ದೇನೆಂದು ಅಂಚೆ ಕಚೇರಿಯಿಂದ ಮನೆಗೆ ತಾರು ಕಳಿಸಿದರು. ಅದಕ್ಕಿಂತ ಮೊದಲು ಅಣ್ಣ ಮನೆ ಮುಟ್ಟಿದ. ಓಣಿಯ ಜನ ಗುದ್ದಲಿ ಹಿಡಿದು ಕುಣಿ ತೋಡಲು ಹೋದರು. ಶಾಂತವ್ವ ಮಗ್ಗದ ಕಂಬಕ್ಕೆ ಎರಡೂ ಕೈ ಬಡಿದುಕೊಂಡಳು. ಬಳೆ ಒಂದೂ ಉಳಿಯಲಿಲ್ಲ.

ಕಣ್ಣಿನ ಪಟ್ಟಿ ತೆಗೆದ ದಿನ ಅವಳು ಕೂಸನ್ನು ಕಟ್ಟಿಕೊಂಡು ನನ್ನ ಮುಂದೆ ನಿಂತಿದ್ದಳು. ಬರಿಗೈ. ಮುಂಗೈ ಮೇಲೆ ಗಾಜು ಕೊರೆದ ಗಾಯ. ತಾರು ಬಂದ ಮೇಲೂ ಬಳೆಗಾರ ಅವಳಿಗೆ ಬಳೆ ಇಡಲು ಒಪ್ಪಲಿಲ್ಲವಂತೆ. ಒಡೆದುಕೊಂಡ ಕೈ, ನನಗ್ಯಾಕೆ ಆ ಪಾಪ ಅಂದನಂತೆ.

ಮಷೀನು ಬಿಡಿಸುವಾಗ, ನಂಬಿದರೆ ನಂಬಿ, ನಾನು ಅದೇ ಬೇಕೆಂದು ಅತ್ತೆ. ಈಗ ನನ್ನ ಉಸಿರು ನನ್ನದೇ. ಆ ಡಾಕ್ಟರು, ನರ್ಸಬಾಯಿ, ಆ ಕಬ್ಬಿಣದ ಪೆಟ್ಟಿಗೆ, ಎಲ್ಲರ ಋಣ ನನ್ನ ಮೇಲಿದೆ. ಕಾಲು ಮಾತ್ರ ಬರಲಿಲ್ಲ, ಬರುವ ಮಾತನ್ನೂ ಯಾರೂ ಆಡುವುದಿಲ್ಲ. ನನ್ನ ಮಗ್ಗದಲ್ಲಿ ಅಣ್ಣ ಕೂರುತ್ತಾನೆ. ಅವನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾದೀತು. ಅವನೂ ಶಾಂತವ್ವನ ಮುಂದೆ ಮುಖ ಎತ್ತುವುದಿಲ್ಲ. ಓಣಿಯಲ್ಲಿ ಬಸುರಿಗೆ ಕುಪ್ಪಸ, ಕೂಸಿಗೆ ತೊಟ್ಟಿಲು ಏನೇ ಆದರೂ ಮುತ್ತೈದೆಯರನ್ನು ಕರೆಯುವವರು ನಮ್ಮ ಮನೆ ದಾಟಿ ಮುಂದಕ್ಕೆ ಹೋಗುತ್ತಾರೆ.

ಮೊನ್ನೆ ಶಾಂತವ್ವ ಕಾಗದದಲ್ಲಿ ಸುತ್ತಿದ ಹಸಿರು ಬಳೆ ತಂದು ನನ್ನ ಹಾಸಿಗೆಯ ಹತ್ತಿರ ಕೂತಳು.

“ಬಳಿಗಾರ ಒಲ್ಲೆ ಅಂದ್ರ ಅನ್ನಲಿ. ನೀವ ಇಡ್ರಿ.”

ನನ್ನ ಬೆರಳಿಗೆ ಇನ್ನೂ ಹಿಡಿತ ಬಂದಿಲ್ಲ. ಮೊದಲನೆಯದು ಅವಳ ಗೆಣ್ಣಿನ ಹತ್ತಿರವೇ ಒಡೆಯಿತು. ಬಾಗಿಲಲ್ಲಿ ನಿಂತಿದ್ದ ಅವ್ವ ಮುಖ ತಿರುಗಿಸಿದಳು. ಎರಡನೆಯದೂ ಒಡೆಯಿತು. ಶಾಂತವ್ವ ಚೂರುಗಳನ್ನು ಪಕ್ಕಕ್ಕೆ ಸರಿಸಿ, ಕೈಗೆ ಇನ್ನಷ್ಟು ಎಣ್ಣೆ ಸವರಿಕೊಂಡು, ಮೂರನೆಯದನ್ನು ನನ್ನ ಬೆರಳಿಗೆ ಕೊಟ್ಟಳು.