ಅಕ್ಕನ ಪಾಟ್ಲಿ, ಭಾವನ ಪೆಂಟಿಯಮ್

ಆ ದಿನಗಳಲ್ಲಿ ಸೊಲ್ಲಾಪುರದಲ್ಲಿ ಕಂಪ್ಯೂಟರಿನ ಬಗ್ಗೆ ನನ್ನಷ್ಟು ತಿಳಿದವನಿಲ್ಲ ಎಂದು ನಂಬಿದವರು ಇಬ್ಬರೇ: ಒಬ್ಬ ನಾನು, ಇನ್ನೊಬ್ಬಳು ಅಕ್ಕಲಕೋಟೆಗೆ ಕೊಟ್ಟಿದ್ದ ನನ್ನ ಅಕ್ಕ. ಒಂದು ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ, ಸ್ಟೇಷನ್ನಿನ ಪುಸ್ತಕದಂಗಡಿಯಿಂದ ಇಂಗ್ಲಿಷ್ ಮಾಸಿಕ ತಂದು ಓದುತ್ತಿದ್ದೆ. ಅಷ್ಟು ಬಂಡವಾಳದ ಮೇಲೆ ಇಷ್ಟೊಂದು ಸೊಕ್ಕು.

ಭಾವನವರ ಸೊಕ್ಕು ಬೇರೆ ಜಾತಿಯದು. ಗುಮಾಸ್ತಿಕೆ ಬಿಟ್ಟು, ಗುಡಿಗೆ ಹೋಗುವ ಹಾದಿಯಲ್ಲಿ ಮಳಿಗೆ ಹಿಡಿದು, ಕಂಪ್ಯೂಟರ್ ಕುಂಡಲಿ ತೆಗೆದುಕೊಡುವ ಅಂಗಡಿ ಹಾಕಲು ಹೊರಟಿದ್ದರು. ಅವರಿಗೆ ಪಂಚಾಂಗ ನೋಡಲು ಬರುತ್ತಿರಲಿಲ್ಲ. ಕಂಪ್ಯೂಟರಿಗೆ ಬರುತ್ತದೆ ಎಂದು ಯಾರೋ ಹೇಳಿದ್ದರು, ಅಷ್ಟು ಸಾಕಾಗಿತ್ತು.

ಬಂಡವಾಳ ಅಕ್ಕನ ಕೈಯಲ್ಲಿತ್ತು. ತವರಿನಿಂದ ಹಾಕಿದ ನಾಲ್ಕು ಚಿನ್ನದ ಪಾಟ್ಲಿ ಬಳೆ. ಹಳೆಯ ಮಾದರಿಯ ಫೋರ್ ಎಯ್ಟಿ ಸಿಕ್ಸ್ ಯಂತ್ರ ಕೊಂಡರೆ ಎರಡು ಮಾರಿದರೆ ಸಾಕು. ಹೊಸ ಪೆಂಟಿಯಮ್ ಆದರೆ ನಾಲ್ಕೂ ಹೋಗಬೇಕು. ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದಳು: "ನೀ ಹೇಳಿದ್ರ ಇವರು ಹೂಂ ಅಂತಾರ. ಎರಡಾದ್ರೂ ಉಳಸೋ ತಮ್ಮಾ."

ಸೊಲ್ಲಾಪುರದ ಅಂಗಡಿಯಲ್ಲಿ ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಡಿಸಿದೆ. ಒಂದೇ ಕುಂಡಲಿ, ಒಂದೇ ಪ್ರೋಗ್ರಾಮು, ಕೈಯಲ್ಲಿ ಗಡಿಯಾರ. ಹಳೆಯದು ನಲವತ್ತು ಸೆಕೆಂಡು ತೆಗೆದುಕೊಂಡಿತು, ಪೆಂಟಿಯಮ್ ಆರು. ಆಮೇಲೆ ಎರಡಕ್ಕೂ ಅದೇ ಪ್ರಿಂಟರು ಕಿರುಚುತ್ತ ಐದು ನಿಮಿಷ ತಿಂದಿತು. ತಲೆ ನೆಟ್ಟಗಿದ್ದ ಯಾರಾದರೂ ಆ ಐದು ನಿಮಿಷ ನೋಡುತ್ತಿದ್ದರು. ನಾನು ನೋಡಿದ್ದು ಆರು ಸೆಕೆಂಡು.

"ಏಳು ಪಟ್ಟಿನ ಹತ್ರ ಬಂತ್ರಿ ಭಾವಾ!" ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗಿದೆ. ಕೂಗಿದ ಮೇಲೆ ಅಕ್ಕ ನೆನಪಾದಳು. "ಆದ್ರ ಹಳೇದೂ ನಡೀತದರಿ," ಎಂದು ಸಣ್ಣ ದನಿಯಲ್ಲಿ ಸೇರಿಸಿದೆ.

ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎರಡನೇ ನಂಬರಿನ ಮಷೀನಿನ್ಯಾಗ ಮಂದಿ ಹಣಿಬಾರ ತಗೀಲೇನು?"

"ಬರೋಬರ್, ಬರೋಬರ್," ಎಂದ ಅಂಗಡಿಯವನು. ಅವನಿಗೆ ಬರೋಬರ್ ಅನ್ನಿಸದೆ ಏನು! ನಾಲ್ಕೂ ಪಾಟ್ಲಿ ಹೋದವು.

ಅಂಗಡಿ ತೆರೆದ ಮೊದಲ ಗುರುವಾರ, ಗುಡಿಗೆ ಮಂದಿ ನೆರೆಯುವ ದಿನ, ನಾನೂ ಹೋಗಿ ಪ್ರದರ್ಶನ ನೋಡಲು ಕುಳಿತೆ. ದರ್ಶನಕ್ಕೆ ಬಂದಿದ್ದ ಸೊಲ್ಲಾಪುರದ ಟವೆಲ್ ವ್ಯಾಪಾರಿಯೊಬ್ಬರು ಮೊಮ್ಮಗಳ ಹುಟ್ಟಿದ ದಿನ, ವೇಳೆ ಹೇಳಿದರು. ಭಾವ ಕೀಲಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಕುಂಡಲಿ ಪರದೆಯ ಮೇಲಿತ್ತು. ವ್ಯಾಪಾರಿ ಹುಬ್ಬು ಗಂಟಿಕ್ಕಿದರು. ಒಂದು ಟವೆಲಿನ ಅಂಚನ್ನು ಕಾಲು ಗಂಟೆ ಬೆರಳಲ್ಲಿ ತಿಕ್ಕಿ ನೋಡುವ ಮನುಷ್ಯ ಅವರು.

"ಆಗೇಬಿಡ್ತೇನ್ರಿ? ನಮ್ಮ ಭಟ್ರು ಎರಡು ದಿವಸ ಕೂಡತಾರ. ಇದು ಮೊದಲs ತುಂಬಿಟ್ಟಿದ್ದು ಕಾಣತದ. ಯಾರ ಕುಂಡಲಿನೋ ಏನೋ!"

ಪ್ರಿಂಟರು ಶುರುವಾಗುವ ಮೊದಲೇ ಎದ್ದು ಹೋದರು. ಭಾವ ಬಾಗಿಲವರೆಗೂ ಹೋಗಿ ಪ್ರೊಸೆಸರಿನ ಮಹಿಮೆ ವಿವರಿಸಿದರು. ಅವತ್ತು ಹಾಗೆ ಎದ್ದು ಹೋದವರು ಅವರೊಬ್ಬರೇ ಅಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಎರಡು ತಿಂಗಳು ಬಿಟ್ಟು ಹೋದಾಗ ಬೆಂಚಿನ ಮೇಲೆ ಜಾಗವಿರಲಿಲ್ಲ. ಪರದೆಯ ಮೇಲೆ ಕುಂಡಲಿಯ ಒಂದೊಂದೇ ಮನೆ ನಿಧಾನವಾಗಿ ತುಂಬುತ್ತಿತ್ತು. ಗಿರಾಕಿ ಕೈಮುಗಿದಿದ್ದ. ಭಾವ ಕಣ್ಣು ಮುಚ್ಚಿದ್ದರು. ನನಗೆ ಮೈಯೆಲ್ಲ ಉರಿಯಿತು. ಬಗ್ಗಿ ನೋಡಿದರೆ ಟರ್ಬೊ ದೀಪ ಆರಿತ್ತು. ಆಗಿನ ಯಂತ್ರಗಳಲ್ಲಿ ಅದೊಂದು ಗುಂಡಿ ಇರುತ್ತಿತ್ತು. ಅದನ್ನು ಬಂದ್ ಮಾಡಿದರೆ ಯಂತ್ರ ಬೇಕೆಂದೇ ನಿಧಾನವಾಗುತ್ತಿತ್ತು.

"ಇಷ್ಟು ಭಾರಿ ಮಷೀನ್ ತಂದು ಎತ್ತಿನ ಗಾಡಿ ಮಾಡೀರಲ್ರಿ!" ಎಂದು ಗುಂಡಿಗೆ ಕೈ ಹಾಕಿದೆ.

ಚಹಾ ತಂದಿದ್ದ ಅಕ್ಕ ನನ್ನ ಕೈ ಹಿಡಿದಳು. ಅವಳ ಕೈಯಲ್ಲಿ ಹಸಿರು ಗಾಜಿನ ಬಳೆ ಮಾತ್ರ ಇದ್ದವು. "ಮುಟ್ಟಬ್ಯಾಡ. ಒರಸುವಾಗ ನನ್ನ ಕೈ ತಾಗಿ ಬಂದ್ ಆತು. ಅವತ್ತಿನಿಂದ ಮಂದಿ ಕೂಡಾಕತ್ಯಾರ. ಈಗ ಎಷ್ಟೊತ್ತು ಹಿಡೀತದ, ನೋಡು."

ಚಟ, ಮುಂದಿನ ಗಿರಾಕಿಯ ಕುಂಡಲಿಗೆ ಗಡಿಯಾರ ಹಿಡಿದೇಬಿಟ್ಟೆ. "ನಾಲ್ವತ್ತು ಸೆಕೆಂಡು."

"ಹಂಗಾರ ಆ ಹಳೇದರಷ್ಟs ಆತಲ್ಲೋ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿ, ಆ ಗಾಜಿನ ಬಳೆಯ ಕೈಯಿಂದ ಚಹಾ ತೆಗೆದುಕೊಂಡೆ.