ಕಲ್ಲಿನ ಇನ್ನೊಂದು ಹೋಳು

ನಗೋಯಾದಿಂದ ಮಿಝುನಾಮಿಗೆ ರೈಲಿನಲ್ಲಿ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು. ನವೆಂಬರಿನ ಒಂದು ಶನಿವಾರ ನಾನೂ ನನ್ನ ಓರಗಿತ್ತಿ ವೀಣಾಳೂ ಬೆಳಿಗ್ಗೆ ಎಂಟರ ರೈಲು ಹಿಡಿದೆವು. ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಅವಳು ಹತ್ತು ದಿನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಕೋಟೆ, ದೇವಸ್ಥಾನ ಎಲ್ಲ ಮುಗಿದ ಮೇಲೆ, "ಅಕ್ಕಾ, ನೀವು ಕಲ್ಲು ಒಡೆಯೋಕೆ ಹೋಗ್ತೀರಲ್ಲ, ಆ ಪ್ಲೇಸ್‌ಗೆ ಕರ್ಕೊಂಡ್ಹೋಗಿ" ಎಂದಳು. ನನಗೆ ಇಷ್ಟವಿರಲಿಲ್ಲ. ಅದೊಂದು ಜಾಗವಾದರೂ ನನ್ನದಾಗಿ ಉಳಿಯಲಿ ಎಂದಿತ್ತು.

ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಗಂಡನ ಕೆಲಸಕ್ಕಾಗಿ ಜಪಾನಿಗೆ ಬಂದ ಮೇಲೆ ಆ ಓದಿನಲ್ಲಿ ಉಳಿದದ್ದು ಒಂದು ಸುತ್ತಿಗೆ ಮಾತ್ರ. ವೀಣಾ ಹಾಗಲ್ಲ, ಮುಟ್ಟಿದ್ದೆಲ್ಲ ಅವಳಿಗೆ ಕೈಗೂಡುತ್ತದೆ. ಅವಳ ಹೋಳಿಗೆ ಹರಿಯುವುದಿಲ್ಲ. ಅತ್ತೆಯವರು ಫೋನ್ ಮಾಡಿದರೆ ಅರ್ಧ ಗಂಟೆ ಅವಳ ಕೈಗುಣದ ವರ್ಣನೆ.

ಮಿಝುನಾಮಿ ಬೆಟ್ಟಗಳ ನಡುವಿನ ಊರು. ಒಂದೂವರೆ ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಕಡಲಿತ್ತು. ನಮ್ಮ ಕುಮಟಾ ಅಳಿವೆಯಲ್ಲಿರುವಂತೆ ದಡದ ಕೆಸರಿನಲ್ಲಿ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್, ಬೆಳೆದಿತ್ತು. ಆ ಕೆಸರೇ ಈಗ ಹೊಳೆಯ ದಂಡೆಯಲ್ಲಿ ಬೂದು ಬಣ್ಣದ ಕಲ್ಲಾಗಿದೆ; ಅದರೊಳಗೆ ಆಗಿನ ಜೀವಿಗಳ ಪಳೆಯುಳಿಕೆಗಳಿವೆ. ಅದನ್ನು ಯಾರು ಬೇಕಾದರೂ ಒಡೆಯಬಹುದು. ಸಿಕ್ಕಿದ್ದನ್ನು ಊರಿನ ಮ್ಯೂಸಿಯಂನ ಹಿರಿಯ ತಜ್ಞ ಮೋರಿ ಸಾನ್‌ಗೆ ತೋರಿಸಬೇಕು. ಚಿಪ್ಪುಗಳನ್ನು ಮನೆಗೆ ಕೊಂಡೊಯ್ಯಬಹುದು. ಅಪರೂಪದ್ದಾದರೆ ಅಲ್ಲೇ ಇಟ್ಟುಕೊಂಡು, ಸಿಕ್ಕವರ ಹೆಸರನ್ನು ಚೀಟಿಯಲ್ಲಿ ಬರೆದಿಡುತ್ತಾರೆ. ನಾಲ್ಕು ವರ್ಷಗಳಲ್ಲಿ ನನಗೆ ಸಿಕ್ಕದ್ದು ರಾಶಿ ಚಿಪ್ಪು, ಒಂದು ಏಡಿಯ ಕೊಂಡಿ. ಮೀನು ಒಂದೂ ಇಲ್ಲ.

ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಕಲ್ಲಿನ ಚೂರು ಕಣ್ಣಿಗೆ ಸಿಡಿಯದಂತೆ ವೀಣಾಳಿಗೆ ಕನ್ನಡಕ ತೊಡಿಸಿ, ಸುತ್ತಿಗೆ ಹಿಡಿಯುವುದನ್ನು ಹೇಳಿಕೊಟ್ಟೆ. ಮೂರನೆಯ ಕಲ್ಲಿಗೇ ಅವಳು ಕೂಗಿದಳು.

"ಅಕ್ಕಾ! ಇದು ಫಿಶ್ ಅಲ್ವಾ?"

ಅಂಗೈಯಷ್ಟು ಮೀನು. ತಲೆಯಿಂದ ಬಾಲದವರೆಗೆ ಒಂದು ಮುಳ್ಳೂ ಕದಲಿರಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. "ಹೂಂ, ಚೆನ್ನಾಗಿದೆ" ಎಂದೆ.

ಕಲ್ಲು ಸೀಳಿದಾಗ ಮೀನು ಎರಡು ಹೋಳಿನಲ್ಲೂ ಇರುತ್ತದೆ, ಒಂದರಲ್ಲಿ ಮೂಳೆ, ಇನ್ನೊಂದರಲ್ಲಿ ಅದರ ಅಚ್ಚು. ಇದು ವೀಣಾಳಿಗೆ ಗೊತ್ತಿಲ್ಲ ಎಂದುಕೊಂಡೆ. ಅವಳು ಮೂಳೆಯ ಹೋಳನ್ನು ಎತ್ತಿಕೊಂಡು ಫೋಟೋ ತೆಗೆಯುತ್ತಿದ್ದಳು. ಇನ್ನೊಂದು ಹೋಳು ನನ್ನ ಕಾಲ ಬಳಿ ಬಿದ್ದಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಮಧ್ಯಾಹ್ನ ಮ್ಯೂಸಿಯಂಗೆ ಹೋದೆವು. ಮೋರಿ ಸಾನ್ ಮೀನು ನೋಡಿ ಎದ್ದು ನಿಂತುಬಿಟ್ಟರು. ಇನ್ನೊಂದು ಹೋಳು ಎಲ್ಲಿ, ಎರಡೂ ಇಲ್ಲದೆ ಯಾವ ಜಾತಿ ಎಂದು ಹೇಳುವುದು ಕಷ್ಟ ಎಂದು ಜಪಾನೀಸಿನಲ್ಲಿ ಕೇಳಿದರು.

"ಏನಂತೆ ಅಕ್ಕಾ?"

"ತುಂಬಾ ರೇರ್ ಅಂತೆ" ಎಂದೆ. ಮೋರಿ ಸಾನ್ ಕಡೆ ತಿರುಗಿ, "ಸುಮಿಮಾಸೆನ್, ಕ್ಷಮಿಸಿ, ಅದು ಹೊಳೆಗೆ ಬಿತ್ತು" ಎಂದೆ. ಆ ವಯಸ್ಸಾದ ಮನುಷ್ಯ ಮುಖ ಸಣ್ಣದು ಮಾಡಿಕೊಂಡು, ಚೀಟಿಯಲ್ಲಿ ವೀಣಾಳ ಹೆಸರು ಬರೆದರು. ಬ್ಯಾಗನ್ನು ನಾನು ಎದೆಗೆ ಒತ್ತಿಕೊಂಡೇ ಇದ್ದೆ.

ವಾಪಸು ರೈಲು ಹೊರಟು ಎರಡು ನಿಮಿಷವಾಗಿರಬೇಕು.

"ಅವ್ರು ಇನ್ನೊಂದು ಪೀಸ್ ಕೇಳಿದ್ರು ಅಲ್ವಾ ಅಕ್ಕಾ? ಎರಡೂ ಅಂಗೈ ಹಿಂಗೆ ಜೋಡ್ಸಿ ತೋರಿಸ್ತಿದ್ರು."

ನಾನು ಕಿಟಕಿಯತ್ತ ತಿರುಗಿದೆ.

"ನೀವು ಬ್ಯಾಗಿಗೆ ಹಾಕ್ಕೊಂಡಿದ್ದು ನೋಡ್ದೆ. ಇಷ್ಟು ವರ್ಷ ಹುಡುಕಿದೀರಾ, ನಿಮ್ಗೂ ಒಂದು ಇರ್ಲಿ ಅಂತ ಸುಮ್ನಿದ್ದೆ."

ಮೀನು ಸಿಕ್ಕಾಗ ಉರಿದದ್ದಕ್ಕಿಂತ ಹೆಚ್ಚು ಉರಿಯಿತು. ಇಂಥ ಮನಸ್ಸೂ ಇವಳಿಗೇ ಇರಬೇಕೇ!

"ಏಳು, ಇಳಿಯೋಣ" ಎಂದೆ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಎದುರು ಪ್ಲಾಟ್‌ಫಾರ್ಮಿಗೆ ಹೋದೆವು. ಮ್ಯೂಸಿಯಂ ಮುಚ್ಚಲು ಇನ್ನೂ ಒಂದು ಗಂಟೆಯಿತ್ತು. ಮೋರಿ ಸಾನ್‌ಗೆ ಏನು ಹೇಳುವುದೆಂದು ನಾನು ಮನಸ್ಸಿನಲ್ಲೇ ಜಪಾನೀಸ್ ವಾಕ್ಯಗಳನ್ನು ಜೋಡಿಸುತ್ತಿದ್ದೆ. ವೀಣಾ ಬೆಂಚಿನ ಮೇಲೆ ತಾನು ಬುತ್ತಿಗೆಂದು ಕಟ್ಟಿ ತಂದಿದ್ದ ಪುಳಿಯೋಗರೆ ಡಬ್ಬಿ ಬಿಚ್ಚಿ, ಉಳಿದದ್ದನ್ನು ಮುಚ್ಚಳಕ್ಕೆ ಅಚ್ಚುಕಟ್ಟಾಗಿ ಹಾಕತೊಡಗಿದಳು.

"ಅವ್ರಿಗೂ ಸ್ವಲ್ಪ ಇರ್ಲಿ, ಪಾಪ" ಎಂದಳು.

ಅದೂ ನನಗೆ ಹೊಳೆದಿರಲಿಲ್ಲ.