ಇಂದುಧರ ಒಪ್ಪಿಕೊಂಡದ್ದು

ನಮ್ಮ ಪಕ್ಕದ ಮನೆಯ ಇಂದುಧರ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಎಂಥಾ ಮನುಷ್ಯನಪ್ಪಾ, ಒಂದೇ ಸಲಕ್ಕೆ 'ಹೂಂ' ಅಂದದ್ದನ್ನು ನಾನು ಕೇಳಿಯೇ ಇಲ್ಲ! ಕಾಫಿ ಬೇಕಾ ಅಂದರೆ 'ನೋಡಾಣ' ಅನ್ನುತ್ತಾರೆ. ಲೋಟ ತಂದಿಟ್ಟರೆ ಖಾಲಿ ಮಾಡುತ್ತಾರೆ. ನಮ್ಮ ಕಡೆ ಅದು ಮರ್ಯಾದೆ. ಅದರಲ್ಲೂ ಹೆಣ್ಣು ಕೇಳಲು ಬಂದವರಿಗೆ ತಟ್ಟನೆ ಒಪ್ಪಿಬಿಟ್ಟರೆ, ಮಗಳು ಮನೆಗೆ ಭಾರವಾಗಿದ್ದಳೇನೋ ಅಂದುಕೊಂಡಾರು ಎಂಬ ಅಂಜಿಕೆ.

ಮಗಳು ಅರುಣಾ ದಿನಾ ಹಾಸನದ ಬ್ಯಾಂಕಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಳು; ಅಲ್ಲಿನ ಸಹೋದ್ಯೋಗಿ, ಒಡಿಶಾದ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಅವನ ತಂದೆತಾಯಿ ಬೇಲೂರು, ಹಳೇಬೀಡು ನೋಡಿಕೊಂಡು ಇವರ ಮನೆಗೆ ಬಂದರು, ಹೋಳಿಗೆ ಉಂಡರು, ಇಂಗ್ಲಿಷಿನಲ್ಲೇ ಹೆಣ್ಣು ಕೇಳಿದರು. ಇಂದುಧರ ಅವರಿಗೆ ಹುಡುಗ ಹಿಡಿಸಿದ್ದ. ಆದರೂ ರೂಢಿ ಬಿಡಬೇಕಲ್ಲ! 'ವಿ ವಿಲ್ ಸೀ' ಅಂದುಬಿಟ್ಟರು. ಆ ಜನ ಮುಖ ಸಣ್ಣ ಮಾಡಿಕೊಂಡು ರೈಲು ಹತ್ತಿದರು. ಎಂಟು ದಿನವಾದ ಮೇಲೆ, ತನ್ನ ಅಪ್ಪ ಅಮ್ಮ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆ ಎಂದು ಹುಡುಗ ಅರುಣಾಳಿಗೆ ಹೇಳಿದ. ಅವಳು ಊಟ ಬಿಟ್ಟು ಕೂತಳು.

ಇಂದುಧರ ನನ್ನ ಬಳಿ ಓಡಿ ಬಂದರು. ನಾನು ಇಂಗ್ಲಿಷ್ ಟೀಚರಾಗಿ ನಿವೃತ್ತಳಾದವಳು.

"ಟೀಚರೇ, ಒಪ್ಪಿದೀನಿ ಅನ್ನಕ್ಕೆ ಒಂದು ಗಟ್ಟಿ ಪದ ಕೊಡಿ."

"ಓಕೆ ಅನ್ನಿ."

"ಅದು ಆಟೋದವನಿಗೆ ಅನ್ನೋದು."

"ನೋ ಅಬ್ಜೆಕ್ಷನ್?"

"ಅಯ್ಯೋ, ತಾಲ್ಲೂಕು ಆಫೀಸಲ್ಲಿ ಕೊಡೋ ಕಾಗದ ಕಣ್ರೀ ಅದು!"

"ಐ ಅಗ್ರೀ?"

"ಜಗಳದಲ್ಲಿ ಸೋತೋನ ಮಾತಿದ್ದಂಗೈತೆ."

"ವಿತ್ ಪ್ಲೆಷರ್?"

"ಪ್ಲೆಷರ್ ಎಲ್ಲೈತೆ ಟೀಚರೇ? ಭಾಷೆ ಬಾರದ ಮನೆಗೆ ಮಗಳನ್ನ ಕಳಿಸ್ತಾ ಇದೀನಿ. ಸುಳ್ಳು ಹೇಳಕ್ಕಾಗಲ್ಲ."

ಮೂವತ್ತು ವರ್ಷ ಈ ಪದಗಳನ್ನೇ ಪಾಠ ಮಾಡಿದ್ದೆ. ಒಂದನ್ನಾದರೂ ಹೀಗೆ ತಿರುಗಿಸಿ ಮುರುಗಿಸಿ ನೋಡಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು, ಕುತೂಹಲವೂ ಹತ್ತಿತು. ಕೊನೆಗೆ 'ವಿ ಗ್ಲಾಡ್ಲಿ ಅಗ್ರೀ' ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

"ಗ್ಲಾಡ್ಲಿ ಅಂದ್ರೆ ಎಷ್ಟು ಖುಷಿ?"

"ಅಳ್ತಾ ಇದ್ರೂ ಅನ್ನಬಹುದು, ಅಷ್ಟು."

"ಹಂಗಾರೆ ಆಯ್ತು."

ನನ್ನೆದುರೇ ಫೋನು ಮಾಡಿದರು. ಅರುಣಾ ಬಾಗಿಲಲ್ಲಿ ಬಂದು ನಿಂತಳು. ಆ ಕಡೆ ಹುಡುಗನ ತಾಯಿ ಫೋನೆತ್ತಿದರು. ಇವರು ಚೀಟಿ ಹಿಡಿದು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಆಕೆಯೇ ಅಳುದನಿಯಲ್ಲಿ ಕೇಳಿದರು. "ಬ್ರದರ್, ಯು ಡೋಂಟ್ ವಾಂಟ್ ಮೈ ಸನ್?"

ಚೀಟಿ ಕೆಳಗೆ ಬಿತ್ತು. "ವಾಂಟ್ ಅಕ್ಕಾ! ವಾಂಟ್! ಐ ವಾಂಟ್!" ಬೀದಿಗೆಲ್ಲ ಕೇಳುವಂತೆ ಕೂಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಮೆಲ್ಲಗೆ ಅಪ್ಪಾ" ಅಂದ ಅರುಣಾಳಿಗೂ ಅಳು ತಡೆಯಲಾಗಲಿಲ್ಲ. ಅವರಿಗೆಲ್ಲಿ ಕೇಳಿಸಬೇಕು! ಇನ್ನೊಂದು ಸಲ ಕೂಗಿದರು.